ಒಗ್ಗರಣೆ ಟೀಮಿನ ಐದನೆಯವರು

"ಇಂದಿರಾ ಆಂಟಿ ನಮ್ಮ ಟೀಮಿಗೆ ಸೇರ್ತಾರಂತೆ ಕಣೇ!"

ಫೋನಿನ ಆ ಕಡೆ ಪಾವನಾ ಚಿಪ್ಸ್ ಅಗಿಯುತ್ತಿದ್ದ ಸದ್ದು ನಿಂತೇಹೋಯಿತು.

"ವಿಚ್ ಇಂದಿರಾ ಆಂಟಿ?"

"ನಂಗೆ ಎಷ್ಟು ಜನ ಇಂದಿರಾ ಆಂಟಿ ಇದಾರೆ? ನಮ್ಮನೆ ಆಂಟಿ. ಈಗ ಕೆಳಗಡೆ ಬೇಳೆ ತೊಳೀತಾ ಇದಾರೆ."

"ವೇಟ್. ಬಿಸಿಬೇಳೆಬಾತ್ ಆಂಟಿ? ವಿತ್ ಎ ಗನ್?"

"ಗನ್ ಇನ್ನೂ ಇಲ್ಲ. ನಾಡಿದ್ದು ಹೋಗಿ ತಗೊಳ್ತೀವಿ."

"ಓ ಮೈ ಗಾಡ್, ಮೈತ್ರಿ. ಹೌ ಓಲ್ಡ್ ಈಸ್ ಶೀ?"

"ಅರವತ್ತೆರಡು. ರೂಲ್ಸ್ ಪೂರ್ತಿ ಓದಿದೀನಿ. ಹದಿನಾರು ತುಂಬಿರ್ಬೇಕು ಅಂತ ಇದೆ, ಅಷ್ಟೇ. ಮೇಲ್ಗಡೆಗೆ ಲಿಮಿಟ್ಟೇ ಹಾಕಿಲ್ಲ!"

ಪಾವನಾ ಹುಟ್ಟಿ ಬೆಳೆದದ್ದು ಈ ದೇಶದಲ್ಲೇ, ಪಕ್ಕದ ಕ್ರಾಸ್‌ರೋಡ್ಸ್‌ನಲ್ಲಿ. ಕನ್ನಡ ಒಂದಕ್ಷರ ಬಿಡದೆ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. ನಾನು ಮೈಸೂರಿನಿಂದ ಬಂದವಳು, ಬಾಥೆಲ್‌ನಲ್ಲಿ ಓದುತ್ತಾ ಇಂದಿರಾ ಆಂಟಿ ಮತ್ತು ಶ್ರೀಪತಿ ಅಂಕಲ್ ಅವರ ಮನೆಯ ಮಹಡಿ ಕೋಣೆಯಲ್ಲಿದ್ದೇನೆ. ನಮ್ಮಿಬ್ಬರನ್ನು ಗಂಟು ಹಾಕಿದ್ದು ಏರ್‌ಸಾಫ್ಟ್. ನೋಡಲು ಥೇಟ್ ನಿಜವಾದ ಬಂದೂಕಿನಂತಿದ್ದು ತುದಿಗೆ ಕಿತ್ತಳೆ ಬಣ್ಣ ಬಳಿದ ಆಟದ ಬಂದೂಕು, ಅದರಿಂದ ಹಾರುವ ಮೆಣಸಿನ ಕಾಳಿಗಿಂತ ತುಸು ದಪ್ಪನೆಯ ಪ್ಲಾಸ್ಟಿಕ್ ಗುಂಡು, ಮರಗಳ ನಡುವೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಓಡಾಡುವ ಎರಡು ಟೀಮು. ಮೈಗೆ ತಗುಲಿದರೆ ಚುರ್ ಎನ್ನುತ್ತದೆ. ಕಣ್ಣಿಗೆ ಮಾತ್ರ ತಗುಲಬಾರದು.

ಆ ಶನಿವಾರ ಸ್ನೋಹೋಮಿಶ್ ಕಡೆಯ ಮೈದಾನದಲ್ಲಿ ಐದೈದು ಜನರ ಆರು ಟೀಮುಗಳಿಗೆ ದಿನವಿಡೀ ಆಟವಿತ್ತು. ಜೂನ್ ತಿಂಗಳಿನಿಂದ ಕಾದು ನಾವು ಒಂದು ಜಾಗ ಗಿಟ್ಟಿಸಿದ್ದೆವು. ಅದಕ್ಕೆ ಮೊದಲು ನಾನು ಮೂರು ಸಲ ಆಡಿದ್ದೆ, ಮೂರೂ ಸಲ ಬೇರೆಯವರ ಟೀಮಿನಲ್ಲಿ ಖಾಲಿ ಬಿದ್ದ ಜಾಗ ತುಂಬುವುದಕ್ಕೆ. ಈ ಸಲ ಹೆಸರು ಕೊಟ್ಟವಳು ನಾನು. ಟೀಮಿನ ಹೆಸರು ಒಗ್ಗರಣೆ. ಕ್ಯಾಪ್ಟನ್ ಎಂಬ ಜಾಗದಲ್ಲಿ ನನ್ನ ಹೆಸರು. ನಾನು, ಪಾವನಾ, ಪ್ರತಾಪ್, ಅಮಿತ್, ವಿಶ್ವಾಸ್. ಸೋಮವಾರ ಸಂಜೆ ವಿಶ್ವಾಸ್ ಫೋನ್ ಮಾಡಿ, ಸೌತ್ ಲೇಕ್ ಯೂನಿಯನ್‌ನ ತನ್ನ ಆಫೀಸಿನಲ್ಲಿ ಶನಿವಾರದ ಡ್ಯೂಟಿ ತನ್ನ ತಲೆಗೆ ಬಿದ್ದಿದೆ, ಬರಲಾಗುವುದಿಲ್ಲ ಎಂದ. ನಾಲ್ಕೇ ಜನರಿದ್ದರೆ ಆಡಲು ಬಿಡುವುದಿಲ್ಲ. ಬಾಗಿಲಲ್ಲೇ ನಮ್ಮ ಜಾಗ ಕಾಯುತ್ತಿರುವ ಇನ್ನೊಂದು ಟೀಮಿಗೆ ಹೋಗುತ್ತದೆ.

ನಾನು ಅಡುಗೆಮನೆಯಲ್ಲಿ ನಿಂತು ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ ಗೋಗರೆಯುತ್ತಿದ್ದೆ. ಹನ್ನೊಂದನೆಯವನೂ ಇಲ್ಲ ಎಂದಾಗ ಆಂಟಿ ಬೇಳೆಯ ಪಾತ್ರೆಯಿಂದ ಕೈ ತೆಗೆದು ಕೇಳಿದರು.

"ನಾನ್ ಬರ್ಲಾ?"

"ನೋಡೋಕಾ ಆಂಟಿ?"

"ನೋಡೋಕೆ ಯಾಕೆ? ಆಡೋಕೆ. ಆಗಸ್ಟಲ್ಲಿ ರಿಟೈರ್ ಆದಾಗಿಂದ ಈ ಮನುಷ್ಯನ ಮುಖ ನೋಡ್ಕೊಂಡು ಕೂತಿದೀನಿ, ಇದಕ್ಕಿಂತ ಕಷ್ಟ ಏನಿರುತ್ತೆ?"

ಪಕ್ಕದ ಕೋಣೆಯಿಂದ ಅಂಕಲ್ ಕೂಗಿದರು. "ನಂಗೆ ಕೇಳಿಸ್ತಾ ಇದೆ!"

"ಕೇಳಿಸ್ಲಿ ಅಂತಾನೇ ಹೇಳಿದ್ದು!"

ನನಗೆ ಎರಡನೇ ಯೋಚನೆಯೇ ಬರಲಿಲ್ಲ. ಪ್ರತಿ ಭಾನುವಾರ ಬೆಟ್ಟ ಹತ್ತುವ ಹೆಂಗಸು. ಒಂದು ಸಲ ಅವರ ಜೊತೆ ಹೋಗಿ ಅರ್ಧದಲ್ಲೇ ನಾನು ಬಂಡೆಯ ಮೇಲೆ ಕುಳಿತುಬಿಟ್ಟಿದ್ದೆ, ಅವರು ತುದಿ ಮುಟ್ಟಿ ಬಂದು ನನ್ನನ್ನು ಎಬ್ಬಿಸಿಕೊಂಡು ಬಂದಿದ್ದರು. ಅಲ್ಲೇ ಫೋನಿನಲ್ಲಿ ಐದನೆಯ ಹೆಸರು ತುಂಬಿಸಿ ಕಳಿಸಿಬಿಟ್ಟೆ.

ಬುಧವಾರ ಸಂಜೆ ಅಂಗಡಿಗೆ ಹೋದೆವು. ಹೈವೇ ಪಕ್ಕದಲ್ಲಿ, ಟೈರ್ ಅಂಗಡಿಗೂ ನಾಯಿಗಳ ಕ್ಷೌರದಂಗಡಿಗೂ ನಡುವೆ ಇರುವ ಉದ್ದನೆಯ ಅಂಗಡಿ. ಗೋಡೆ ತುಂಬ ಬಂದೂಕು. ದಾರಿಯುದ್ದಕ್ಕೂ ನಾನು ಆಂಟಿಗೆ ಪಾಠ ಹೇಳಿಕೊಂಡು ಬಂದಿದ್ದೆ: ಸ್ಪ್ರಿಂಗಿನದು ಒಂದೊಂದು ಗುಂಡಿಗೂ ಎಳೆಯಬೇಕು, ಗ್ಯಾಸಿನದು ಚಳಿಗೆ ಮಂಕಾಗುತ್ತದೆ, ನಮಗೆ ಬ್ಯಾಟರಿಯದೇ ಸರಿ. ಅಷ್ಟು ಹೇಳಿ ಒಳಗೆ ಹೋದವಳೇ ನನ್ನ ಕನಸಿನ ಬಂದೂಕಿನ ಮುಂದೆ ನಿಂತೆ. ಕರಿ ಬಣ್ಣ, ಮೈಯೆಲ್ಲ ಲೋಹ, ಮೇಲೊಂದು ದುರ್ಬೀನು.

"ಇದು ಆಂಟಿ. ಇದನ್ನ ಹಿಡ್ಕೊಂಡ್ರೆ ಎದುರಿನವರು ಅರ್ಧ ಅಲ್ಲೇ ಸೋಲ್ತಾರೆ."

ಆಂಟಿ ಅದನ್ನು ಕೈಗೆ ತೆಗೆದುಕೊಂಡರು. ಭುಜಕ್ಕೆ ಒತ್ತಿ ಹಿಡಿದರು. ಹಾಗೆಯೇ ನಿಂತರು. ಅಂಗಡಿಯ ಹುಡುಗ ಅವರನ್ನು ನೋಡಿದ, ನನ್ನನ್ನು ನೋಡಿದ. ಆಂಟಿ ಕಣ್ಣು ಕೈಗಡಿಯಾರದ ಮೇಲಿತ್ತು.

"ಎರಡು ನಿಮಿಷ," ಎಂದು ಇಳಿಸಿದರು. "ತೋಳು ನಡುಗ್ತು. ಶನಿವಾರ ಬೆಳಗ್ಗೆ ಹತ್ತಕ್ಕೇ ಹಿಂಗಾದ್ರೆ ಮಧ್ಯಾಹ್ನ ಮೂರಕ್ಕೆ ಏನಾಗುತ್ತೆ? ನಿಂದು ಎಷ್ಟು ತೂಕ ಇದೆ?"

"ಇದಕ್ಕಿಂತ ಸ್ವಲ್ಪ ಜಾಸ್ತಿ," ಎಂದೆ ಮೆಲ್ಲಗೆ. ಹೋದ ಸಲ ಆಡಿ ಬಂದಮೇಲೆ ಮೂರು ದಿನ ತಲೆ ಬಾಚಿಕೊಳ್ಳಲು ಕೈ ಎತ್ತಲಾಗಿರಲಿಲ್ಲ ಎನ್ನುವುದನ್ನು ಹೇಳಲಿಲ್ಲ.

ಅವರು ಆರಿಸಿದ್ದು ಮೂಲೆಯಲ್ಲಿ ಯಾರೂ ಮುಟ್ಟದೆ ನಿಂತಿದ್ದ ಒಂದು ಗಿಡ್ಡ ಬಂದೂಕನ್ನು. ಪ್ಲಾಸ್ಟಿಕ್ ಮೈ, ಮಣ್ಣಿನ ಬಣ್ಣ. ಮೂರು ನಿಮಿಷ ಹಿಡಿದು ನಿಂತರು, ತೋಳು ಅಲುಗಲಿಲ್ಲ. ಆಮೇಲೆ ಹುಡುಗನನ್ನು ಕೂರಿಸಿಕೊಂಡು ಪ್ರಶ್ನೆಗಳು ಶುರುವಾದವು. ಗುಂಡಿನ ವೇಗ ಎಷ್ಟು? ಮೈದಾನದಲ್ಲಿ ಎಷ್ಟರವರೆಗೆ ಬಿಡುತ್ತಾರೆ? ಗುಂಡು ಎಷ್ಟು ಗ್ರಾಮು? ಅವನು ಸೆಕೆಂಡಿಗೆ ಮುನ್ನೂರೈವತ್ತು ಅಡಿ, ಗುಂಡು ಗ್ರಾಮಿನ ಐದನೇ ಒಂದು ಭಾಗ ಎಂದ. ಆಂಟಿ ಒಂದು ಕ್ಷಣ ಚಾವಣಿ ನೋಡಿದರು.

"ಒಂದು ಜೌಲ್, ಮೇಲೆ ಚೂರು," ಎಂದು ಗುಂಡಿನ ಹೊಡೆತದ ಲೆಕ್ಕವನ್ನು ನನಗೆ ಹೇಳಿದರು. "ಚರ್ಮಕ್ಕೆ ಏನೂ ಅಲ್ಲ. ಕಣ್ಣಿಗೆ ಬೇಕಾದಷ್ಟಾಯ್ತು."

ಬಟ್ಟೆಯ ಕಡೆ ಬಂದಾಗ ಮತ್ತೆ ನಾನೇ ಮುಂದಾದೆ. ಹಚ್ಚಹಸಿರು ಎಲೆಗಳ ಚಿತ್ತಾರದ ಜೋಡಿಯೊಂದನ್ನು ಎಳೆದು ಹಿಡಿದೆ. ಆಂಟಿ ಸೀರೆಯಂಗಡಿಯಲ್ಲಿ ಮಾಡುವ ಹಾಗೆ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು.

"ಗಂಜಿ ಹಾಕಿದಾರೆ. ಒಂದು ಒಗೆತಕ್ಕೆ ಚಿಂದಿ ಆಗುತ್ತೆ. ಮತ್ತೆ ಇದ್ಯಾವ ಕಾಡಿನ ಬಣ್ಣ? ಅಕ್ಟೋಬರಲ್ಲಿ ಇಲ್ಲಿ ಜರೀಗಿಡ ಎಲ್ಲಾ ಒಣಗಿ ಕಂದು ಆಗಿರುತ್ತೆ. ಇದನ್ನ ಹಾಕ್ಕೊಂಡ್ರೆ ಗಿಳಿ ಥರ ಕಾಣ್ತೀನಿ."

ನಾನು ತೊಟ್ಟಿದ್ದುದು ಅದೇ ಗಿಳಿ ಬಣ್ಣದ ಜಾಕೆಟ್ಟು. ಹಿಡಿದಿದ್ದ ಜೋಡಿಯನ್ನು ತೆಗೆದ ಜಾಗಕ್ಕೇ ನೇತುಹಾಕಿದೆ.

ಗಂಡಸರ ವಿಭಾಗದಲ್ಲಿ ಅವರಿಗೆ ಕಂದು ಬಣ್ಣದ ಒಂದು ಪ್ಯಾಂಟು ಸಿಕ್ಕಿತು. ಹಾಕಿಕೊಂಡು ಹೊರಬಂದವರು ಜೇಬುಗಳನ್ನು ಎಣಿಸತೊಡಗಿದರು. ಮುಂದೆ, ಹಿಂದೆ, ತೊಡೆಯ ಮೇಲೆ, ಮೊಣಕಾಲ ಬಳಿ.

"ಎಂಟು! ಮೂವತ್ತೈದು ವರ್ಷ ಆಯ್ತು ಈ ದೇಶಕ್ಕೆ ಬಂದು. ಹೆಂಗಸರ ಪ್ಯಾಂಟಲ್ಲಿ ಒಂದು ನೆಟ್ಟಗಿನ ಜೇಬು ಸಿಕ್ಕಿಲ್ಲ ಕಣೇ ನಂಗೆ. ಇವ್ರು ಇಲ್ಲಿ ಎಂಟೆಂಟು ಬಚ್ಚಿಟ್ಕೊಂಡಿದಾರೆ! ಎರಡು ಜೊತೆ ಹಾಕು."

ಬೂಟು ಬೇಡ, ಬೆಟ್ಟ ಹತ್ತುವ ಬೂಟಿದೆ. ಗ್ಲೌಸ್ ಬೇಡ, ತೋಟದ ಗ್ಲೌಸಿದೆ. ಗುಂಡು ತಗುಲಿದವರು ತಲೆಯ ಮೇಲೆ ಹಾಕಿಕೊಂಡು ಹೊರನಡೆಯುವ ಕೆಂಪು ಬಟ್ಟೆ ಒಂದು ಬೇಕು ಎಂದೆ. ಗುಂಡು ಬಣ್ಣ ಬಿಡುವುದಿಲ್ಲವಾದ್ದರಿಂದ ತಗುಲಿತೋ ಇಲ್ಲವೋ ಎಂದು ಎದುರಿನವರಿಗೆ ಗೊತ್ತಾಗುವುದಿಲ್ಲ, ನಾವೇ ಒಪ್ಪಿಕೊಂಡು ಹೋಗಬೇಕು.

"ಕೆಂಪು ಬಟ್ಟೆನಾ? ನವರಾತ್ರಿ ಕಣೇ! ಅರಿಶಿನ ಕುಂಕುಮಕ್ಕೆ ಹೋದ ಮನೆಯೋರೆಲ್ಲ ಬ್ಲೌಸ್ ಪೀಸ್ ಕೊಟ್ಟಿದಾರೆ. ಬ್ಲೌಸ್ ಹೊಲಿಸೋಕೆ ಯಾರಿಗಿದೆ ಪುರುಸೊತ್ತು. ಇಡೀ ಟೀಮಿಗೆ ಆಗುತ್ತೆ."

ಅತಿ ಹೆಚ್ಚು ಹೊತ್ತು ಹಿಡಿದದ್ದು ಗಾಗಲ್. ಆಂಟಿ ಕನ್ನಡಕ ತೆಗೆದರೆ ಎದುರಿಗಿರುವುದು ಮರವೋ ಮನುಷ್ಯನೋ ತಿಳಿಯುವುದಿಲ್ಲ, ಹಾಗಾಗಿ ಕನ್ನಡಕದ ಮೇಲೆಯೇ ಕೂರುವಂಥದು ಬೇಕಿತ್ತು. ಐದು ಹಾಕಿ ನೋಡಿದರು. ಒಂದೊಂದನ್ನೂ ದೀಪದ ಕೆಳಗೆ ಹಿಡಿದು, ಹೊರಳಿಸಿ, ಓರೆ ಮಾಡಿ ನೋಡಿ ಪಕ್ಕಕ್ಕಿಟ್ಟರು. ಬಂದೂಕಿಗೆ ಹತ್ತು ನಿಮಿಷ, ಗಾಗಲ್‌ಗೆ ಮುಕ್ಕಾಲು ಗಂಟೆ. ಕೊನೆಗೆ ಒಂದನ್ನು ತೊಟ್ಟು ತಲೆ ಜೋರಾಗಿ ಅಲ್ಲಾಡಿಸಿ, ಬಗ್ಗಿ, ಎದ್ದು, "ಇದು," ಎಂದರು. "ಮೈತ್ರಿ, ಒಂದು ಮಾತು. ಬಿದ್ದು ಕೈ ಮುರಿದ್ರೂ ಪರವಾಗಿಲ್ಲ. ಕಣ್ಣಿನ ವಿಷಯದಲ್ಲಿ ನಾನು ಆಟ ಆಡಲ್ಲ."

"ಅಯ್ಯೋ, ನಾನಿದೀನಲ್ಲ ಆಂಟಿ," ಎಂದೆ.

ಶುಕ್ರವಾರ ಆಯುಧಪೂಜೆ. ಅಂಕಲ್ ಕಾರನ್ನು ತೊಳೆದು ಗ್ಯಾರೇಜಿನ ಮುಂದೆ ನಿಲ್ಲಿಸಿ, ದೇವರ ಕೋಣೆಯಲ್ಲಿ ಜಮಖಾನ ಹಾಸಿ ಲ್ಯಾಪ್‌ಟಾಪು, ಸುತ್ತಿಗೆ, ಈಳಿಗೆಮಣೆ, ಹಿಮ ಎತ್ತುವ ಸಲಿಕೆ, ಎಲ್ಲ ಸಾಲಾಗಿ ಜೋಡಿಸಿದ್ದರು.

"ನಿಮ್ಮ ಆಯುಧಾನೂ ತಗೊಂಬನ್ನಿ," ಎಂದರು ಗಂಭೀರವಾಗಿ. "ಈ ಮನೇಲಿ ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಆಯುಧ ಅಂತ ಕರೆಸಿಕೊಳ್ಳೋ ಯೋಗ್ಯತೆ ಇರೋ ವಸ್ತು ಬಂದಿದೆ. ಆದ್ರೆ ಒಂದು. ಪೂಜೆ ಆದ್ಮೇಲೆ ನಾಳೆ ಬೆಳಗ್ಗೆ ಮಂಗಳಾರತಿ ಆಗೋವರ್ಗೂ ಯಾರೂ ಮುಟ್ಟಂಗಿಲ್ಲ."

ಬೆಳಗ್ಗೆ ಎಂಟಕ್ಕೆ ಮಂಗಳಾರತಿ, ಎಂಟೂಕಾಲಿಗೆ ಹೊರಟರೆ ಒಂಬತ್ತೂವರೆಯ ಹಾಜರಿಗೆ ಧಾರಾಳ ಸಮಯ. ನಾನು ಕುಣಿದುಕೊಂಡು ಎರಡು ಬಂದೂಕು, ಎರಡು ಗಾಗಲ್, ಗುಂಡಿನ ಡಬ್ಬಿ ತಂದಿಟ್ಟೆ. ಅರಿಶಿನ ಕಲಸಿದೆ. ಬಂದೂಕಿನ ಹಿಡಿಗೆ, ನಳಿಗೆ, ಡಬ್ಬಿಗೆ, ಎಲ್ಲದಕ್ಕೂ ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ. ಅದೇ ಹುರುಪಿನಲ್ಲಿ ಎರಡೂ ಗಾಗಲ್‌ಗಳ ನಟ್ಟನಡುವೆ ಒಂದೊಂದು ದಪ್ಪ ಬೊಟ್ಟು ಇಟ್ಟೆ. ಕಣ್ಣಿಗೇ ರಕ್ಷೆ, ಅಲ್ಲವೆ?

ಒಂದು ಗಂಟೆಯ ನಂತರ ಬಂದು ನೋಡಿದರೆ ಆಂಟಿಯ ಗಾಗಲ್‌ನಲ್ಲಿ ಬೊಟ್ಟು ಇಳಿದು, ಬಲಗಣ್ಣಿಗೆ ಸರಿಯಾಗಿ ಹಳದಿ ಹೊಳೆ ಹರಿದಿತ್ತು. ಪೂಜೆಗೆ ಇನ್ನೂ ಅರ್ಧ ಗಂಟೆ ಇತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ, ಕುಂಕುಮ ಹೋಯಿತು, ಹಳದಿ ಹೋಗಲಿಲ್ಲ. ಸೋಪು ಹಚ್ಚಿದೆ, ಹೋಗಲಿಲ್ಲ. ಮಹಡಿಗೆ ಓಡಿ ಉಗುರು ಬಣ್ಣ ತೆಗೆಯುವ ರಿಮೂವರ್ ತಂದು ಹತ್ತಿಯಲ್ಲಿ ಅದ್ದಿ ಉಜ್ಜಿದೆ. ಕ್ಷಣದಲ್ಲಿ ಹಳದಿ ಮಾಯ! ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಗಾಗಲನ್ನು ಬಂದೂಕಿನ ಪಕ್ಕದಲ್ಲಿಟ್ಟು, ಈ ಸಲ ಬೊಟ್ಟನ್ನು ಅದರ ಪಟ್ಟಿಗೆ ಇಟ್ಟೆ.

ಆರು ಗಂಟೆಗೆ ಪೂಜೆ. ಅಂಕಲ್ ಮಂತ್ರ ಹೇಳುತ್ತಾ ಕರ್ಪೂರ ಹಚ್ಚಿ ಸಾಲಿನ ಉದ್ದಕ್ಕೂ ಆರತಿ ತಂದರು. ಈಳಿಗೆಮಣೆ ಹೊಳೆಯಿತು, ಲ್ಯಾಪ್‌ಟಾಪು ಹೊಳೆಯಿತು. ಉರಿ ಗಾಗಲ್‌ನ ಮುಂದೆ ಬಂದಾಗ ಬಲಗಡೆಯ ಗಾಜಿನೊಳಗೆ ಜೇಡರ ಬಲೆಯೊಂದು ಮಿಂಚಿ ಮಾಯವಾಯಿತು.

ಜೇಡರ ಬಲೆಯಲ್ಲ. ಕೂದಲೆಳೆಯಂಥ ಬಿರುಕುಗಳು. ನಾನು ಉಜ್ಜಿದ ಜಾಗದಲ್ಲೇ, ನಾನು ಉಜ್ಜಿದಷ್ಟೇ ಅಗಲ.

ನಾನು ಆರತಿ ತೆಗೆದುಕೊಂಡೆ, ಪ್ರಸಾದ ತಿಂದೆ, ಮಹಡಿಗೆ ಹೋಗಿ ಮಂಚದ ಮೇಲೆ ಕುಳಿತೆ. ಸುಮ್ಮನಿದ್ದರೆ ಏನಾಗುತ್ತದೆ? ಹಗಲು ಬೆಳಕಿನಲ್ಲಿ ಎದುರಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಬಾಗಿಲಲ್ಲಿ ತಪಾಸಣೆ ಮಾಡುವವರು ಒಂದು ಸಲ ಕಣ್ಣು ಹಾಯಿಸಿ ಬಿಡುತ್ತಾರೆ. ನಾಳೆ ಒಂದೇ ಒಂದು ದಿನ. ಹೇಳಿದರೆ ಆಂಟಿ ಬರುವುದಿಲ್ಲ. ಅವರಿಲ್ಲದಿದ್ದರೆ ನಾಲ್ಕು ಜನ, ನಾಲ್ಕು ಜನ ಎಂದರೆ ಒಗ್ಗರಣೆಯೇ ಇಲ್ಲ. ಇಷ್ಟನ್ನೂ ಯೋಚಿಸಿದೆ, ನಾಚಿಕೆಯಿಲ್ಲದೆ. ಆಮೇಲೆ ಒಂದು ಜೌಲ್, ಮೇಲೆ ಚೂರು ಎನ್ನುವುದು ನೆನಪಾಗಿ ಮೆಟ್ಟಿಲನ್ನು ಎರಡೆರಡಾಗಿ ಇಳಿದೆ.

ಆಂಟಿ ಅಡುಗೆಮನೆಯಲ್ಲಿ ಕೆಂಪು ಬ್ಲೌಸ್ ಪೀಸನ್ನು ಕತ್ತರಿಸಿ ಐದು ಭಾಗ ಮಾಡುತ್ತಿದ್ದರು.

"ಆಂಟಿ, ನಿಮ್ ಗಾಗಲ್ ನಾನು ಹಾಳ್ ಮಾಡ್ಬಿಟ್ಟೆ. ಅರಿಶಿನ ಹೋಗ್ಲಿಲ್ಲ ಅಂತ ರಿಮೂವರ್ ಹಾಕಿ ಉಜ್ಜಿದೆ. ಒಳಗಡೆ ಸಣ್ಣ ಸಣ್ಣ ಬಿರುಕು ಬಿಟ್ಟಿದೆ."

ಕತ್ತರಿ ನಿಂತಿತು.

"ಯಾವ ರಿಮೂವರ್? ಅಸಿಟೋನ್ ಇರೋದಾ?"

"ಹೂಂ."

"ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮೇಲೆ ಅಸಿಟೋನ್." ಅವರು ಕುರ್ಚಿ ಎಳೆದುಕೊಂಡು ಕುಳಿತರು. "ನಾನು ವಿಮಾನದ ಕಂಪನೀಲಿ ಏನ್ ಕೆಲ್ಸ ಮಾಡ್ತಿದ್ದೆ ಗೊತ್ತಾ ನಿಂಗೆ?"

"ಇಂಜಿನಿಯರ್..."

"ಕಿಟಕಿ. ಇಪ್ಪತ್ತಾರು ವರ್ಷ ವಿಮಾನದ ಕಿಟಕಿ. ಎಲ್ಲಿ ಬಿರುಕು ಬಿಡುತ್ತೆ, ಯಾಕೆ ಬಿಡುತ್ತೆ, ಯಾವ ಪೆದ್ದ ಯಾವ ದ್ರಾವಣ ಹಾಕಿ ಒರೆಸ್ದ, ಇದೇ ನನ್ನ ಕೆಲ್ಸ. ಆ ಪೆದ್ದ ನಮ್ಮನೆ ಮಹಡಿ ಮೇಲೇ ಇದಾಳೆ ಅಂತ ಗೊತ್ತಿರ್ಲಿಲ್ಲ." ಅವರ ದನಿ ಏರಿತು. "ಆ ಗಾಜಿಗೆ ಈಗ ಗುಂಡು ಬಿದ್ರೆ ಗಾಜೇ ಕಣ್ಣೊಳಗೆ ಬರುತ್ತೆ ಕಣೇ! ನಿನ್ನ ಕಣ್ಣಲ್ಲ, ನನ್ನ ಕಣ್ಣು!"

"ತಪ್ಪಾಯ್ತು ಆಂಟಿ."

"ನಿಂದೂ ಉಜ್ಜಿದ್ಯಾ?"

"ಇಲ್ಲ. ನಂದು ಹಳದಿಯಾಗೇ ಇದೆ. ನಂದು ತಗೊಳ್ಳಿ ಅನ್ನೋಣ ಅಂದ್ರೆ ನಿಮ್ ಕನ್ನಡಕದ ಮೇಲೆ ಕೂರಲ್ಲ. ಅಂಗಡಿ ಮುಚ್ಚಿದೆ, ನಾಳೆ ತೆಗೆಯೋದು ಹತ್ತಕ್ಕೆ." ನಾನು ಉಸಿರು ಎಳೆದುಕೊಂಡೆ. "ನೀವ್ ಬರೋದ್ ಬೇಡ ಆಂಟಿ. ನಮ್ ಜಾಗ ಬಿಟ್ಕೊಡ್ತೀನಿ, ಪ್ರತಾಪ್‌ಗೆ ಈಗ್ಲೇ ಹೇಳ್ತೀನಿ."

ಫೋನು ಕೈಯಲ್ಲಿತ್ತು, ಮಾಡಿಯೂಬಿಟ್ಟೆ. ಪ್ರತಾಪ್ ಪೂರ್ತಿ ಕೇಳಿಸಿಕೊಂಡ. ಅವನು ಆ ಮೈದಾನದಲ್ಲಿ ಎರಡು ವರ್ಷದಿಂದ ಆಡುತ್ತಿರುವವನು.

"ಎಂಥ ಕ್ಯಾಪ್ಟನ್ ಮಾರಾಯ್ತಿ ನೀನು! ಬಿಟ್ಕೊಡೋದು ಯಾಕೆ? ಅಲ್ಲೇ ಬಾಡಿಗೆಗೆ ಗಾಗಲ್ ಇರೋ ಮಾಸ್ಕ್ ಕೊಡ್ತಾರಲ್ಲ. ಕನ್ನಡಕದ ಮೇಲೆ ಕೂರೋದು ಆರೇ ಆರು ಇರೋದು, ಒಂಬತ್ತರ ಹೊತ್ಗೆ ಒಳ್ಳೇವೆಲ್ಲ ಖಾಲಿ. ಎಂಟಕ್ಕೆ ಕೌಂಟರ್ ತೆಗೀತಾರೆ, ಎಂಟಕ್ಕೆ ಮುಂಚೆ ಕ್ಯೂನಲ್ಲಿ ನಿಂತಿದ್ರೆ ಆರ್ಸ್ಕೋಬಹುದು."

ನಾನು ಆಂಟಿಯ ಮುಖ ನೋಡಿದೆ. ಅವರಿಗೆ ಎಲ್ಲ ಕೇಳಿಸಿತ್ತು. ಬ್ಲೌಸ್ ಪೀಸಿನ ಮೂರನೆಯ ತುಂಡನ್ನು ಕತ್ತರಿಸಿ ಮುಗಿಸಿದರು.

"ಅವ್ನಿಗೆ ಹೇಳು. ಆ ಆರನ್ನೂ ನಾನು ಬಿಸಿಲಿಗೆ ಹಿಡಿದು ನೋಡ್ತೀನಿ. ಒಂದು ಸರಿಯಾಗಿದ್ರೂ ಆಡ್ತೀನಿ. ಒಂದೂ ಇಲ್ದಿದ್ರೆ ಬೇಲಿ ಹೊರಗೆ ಕೂತ್ಕೋತೀನಿ, ನಿಮ್ ಜಾಗ ಹೋಗುತ್ತೆ. ಆಗ ನನ್ನನ್ನ ಮುಖ ಊದಿಸ್ಕೊಂಡು ನೋಡಂಗಿಲ್ಲ. ಒಪ್ಪಿಗೇನಾ ಕ್ಯಾಪ್ಟನ್?"

"ಒಪ್ಪಿಗೆ ಆಂಟಿ! ನೂರಕ್ಕೆ ನೂರು ಒಪ್ಪಿಗೆ!"

"ಕುಣೀಬೇಡ. ರಿಮೂವರ್ ಕಸದ ಡಬ್ಬಿಗೆ ಹಾಕು."

ಉಳಿದದ್ದು ಅಂಕಲ್. ಎಂಟಕ್ಕೆ ಅಲ್ಲಿರಬೇಕೆಂದರೆ ಏಳಕ್ಕೆ ಹೊರಡಬೇಕು, ಬಂದೂಕುಗಳು ಮಂಗಳಾರತಿಯಾಗದೆ ಜಮಖಾನದಿಂದ ಏಳುವಂತಿಲ್ಲ. ಆಂಟಿ ಹೋಗಿ ಅವರ ಮುಂದೆ ನಿಂತರು.

"ರೀ, ನಾಳೆ ಮಂಗಳಾರತಿ ಆರೂವರೆಗೆ ಮಾಡಿ."

"ಎಂಟಕ್ಕೆ ಅಂತ ಮೂರು ಮನೆಗೆ ಹೇಳಿದೀನಲ್ಲ ಇಂದಿರಾ."

"ಅವರಿಗೆ ಎಂಟಕ್ಕೆ ಇನ್ನೊಂದ್ಸಲ ಮಾಡಿ."

"ಎರಡೆರಡು ಸಲ ಮಂಗಳಾರತಿನಾ?"

"ದೇವಸ್ಥಾನದಲ್ಲಿ ದಿನಕ್ಕೆ ಐದು ಸಲ ಮಾಡ್ತಾರೆ. ದೇವ್ರು ಯಾವತ್ತಾದ್ರೂ ಬೇಡ ಅಂದಿದಾನಾ?"

ಅಂಕಲ್ ಯೋಚಿಸಿದರು. ಶಾಸ್ತ್ರದಲ್ಲಿ ತಪ್ಪು ಹುಡುಕುತ್ತಿದ್ದರೆಂದು ಕಾಣುತ್ತದೆ, ಸಿಗಲಿಲ್ಲ.

"ಸರಿ. ಬಂದೋರಿಗೆ ಉಪ್ಪಿಟ್ಟು ಯಾರ್ ಮಾಡ್ತಾರೆ?"

ಆಂಟಿ ಅವರ ಮುಖವನ್ನೇ ನೋಡುತ್ತಾ ನಿಂತರು.

"ಆಯ್ತಾಯ್ತು. ರವೆ ಎಲ್ಲಿದೆ ಅಂತ ತೋರ್ಸಿ ಹೋಗು."

ಅಮಿತ್‌ನನ್ನು ಕರೆದುಕೊಂಡು ಪ್ರತಾಪ್ ನೇರವಾಗಿ ಮೈದಾನಕ್ಕೆ ಹೋಗಿ ಏಳೂಮುಕ್ಕಾಲಿಗೇ ಕ್ಯೂನಲ್ಲಿ ನಿಲ್ಲುತ್ತೇನೆಂದ. ನಾನು ಪಾವನಾಗೆ ಫೋನ್ ಮಾಡಿದೆ.

"ನಾಳೆ ಬೆಳಗ್ಗೆ ಆರೂವರೆಗೆ ನಮ್ಮನೇಲಿರ್ಬೇಕು. ಏಳಕ್ಕೆ ಆಂಟಿ ಕಾರು ಹೊರಡುತ್ತೆ."

"ಸಿಕ್ಸ್ ಥರ್ಟಿ? ಆನ್ ಎ ಸ್ಯಾಟರ್ಡೇ?"

"ಮಂಗಳಾರತಿ ಇದೆ. ಸ್ನಾನ ಮಾಡ್ಕೊಂಡ್ ಬಾ, ಅಂಕಲ್ ಕೇಳ್ತಾರೆ."

"ಶೀ ಈಸ್ ರಿಯಲಿ ಕಮಿಂಗ್?"

"ಐದು ಜನ ಕಣೇ ನಾವು, ಐದು! ಲೇಟ್ ಮಾಡಿದ್ರೆ ಬಿಟ್ಟೋಗ್ತೀವಿ."

"ಫೈನ್, ಫೈನ್," ಎಂದಳು ಪಾವನಾ. ಆಮೇಲೆ ತಡೆದು ತಡೆದು, ಒಂದೊಂದೇ ಅಕ್ಷರವನ್ನು ಹುಡುಕಿ ಜೋಡಿಸಿದಳು. "ಆರೂವರೆಗೆ... ಬರ್ತೀನಿ."